ಕಪ್ಪು ಚಿತ್ರದ ಟೀಚರ್

ಶ್ರದ್ಧಾಂಜಲಿ ಸಭೆಯಲ್ಲಿ ಅವಳನ್ನು ಮೃದುಭಾಷಿ ಅಂದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಶಾಲೆಯ ಬಿಸಿಯೂಟದ ಅಡುಗೆಯವರಿದ್ದರು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮೃದುಭಾಷಿಯಂತೆ! ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡಿ ಎಂದು ಕೇಳಿದ ಹೆಡ್‌ಮಾಸ್ಟರರಿಗೆ, ಧಾರಾಳವಾಗಿ ಬಿಡ್ತೀನಿ ಸಾರ್, ಸ್ಕೂಲ್ ಡೇ ದಿನ ಗೋಡೆಗೆಲ್ಲ ಲೆಕ್ಕ ಬರೆದು ಅಂಟಿಸಿ ಎಂದವಳು ಅವಳು. ಆ ಹೆಡ್‌ಮಾಸ್ಟರರೇ ಈಗ ಮೈಕಿನ ಮುಂದೆ ನಿಂತು ಅವಳ ನಯವಿನಯದ ಬಗ್ಗೆ ಮಾತಾಡುತ್ತಿದ್ದರು. ಸತ್ತವರಿಗೆ ಎಲ್ಲರೂ ಒಂದೇ ಅಂಗಿ ತೊಡಿಸುತ್ತಾರೆ.

ಆಮೇಲೆ ಅವಳ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಮಟಮಟ ಮಧ್ಯಾಹ್ನ, ಕಿಟಕಿಗಳೆಲ್ಲ ತೆರೆದಿವೆ. ಪರದೆಯ ಮೇಲೆ ಒಂದು ಬೂದು ಚೌಕ ಬಿತ್ತು. ಮುಂದಿನ ಚಿತ್ರವೂ ಅದೇ ಚೌಕ, ಅದರ ಮುಂದಿನದೂ ಅದೇ. ಒಬ್ಬರು ಎದ್ದು ಹೋಗಿ ಪ್ರೊಜೆಕ್ಟರಿನ ವೈರು ಅಲುಗಿಸಿದರು. ಕೊನೆಗೆ, ತಾಂತ್ರಿಕ ತೊಂದರೆಯಿಂದ ಚಿತ್ರಗಳು ಕಾಣುತ್ತಿಲ್ಲ, ದಯವಿಟ್ಟು ಕ್ಷಮಿಸಿ ಎಂದು ಘೋಷಣೆಯಾಯಿತು. ತೊಂದರೆ ಏನೂ ಇರಲಿಲ್ಲ. ಅವಳ ಚಿತ್ರಗಳೇ ಹಾಗೆ. ಕಾಗದದ ಹತ್ತಿರ ಮೂಗು ಒಯ್ದು, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಆಗ ಮೊದಲು ಒಂದು ಮೀಸೆ ಕಾಣುತ್ತದೆ, ನಂತರ ಕಿವಿಯ ಅಂಚು, ನಂತರ ಅಲ್ಲೊಂದು ಪ್ರಾಣಿಯೇ ಕೂತಿದೆ ಎಂದು ತಿಳಿಯುತ್ತದೆ. ಇದನ್ನು ಎದ್ದು ನಿಂತು ಹೇಳಬಹುದಿತ್ತು. ಹೇಳಬೇಕು ಅಂತ ಅನ್ನಿಸಲೇ ಇಲ್ಲ.

ಅವಳು ಹೋದಾಗಿನಿಂದ ನನಗೆ ಹೀಗೇ ಆಗಿದೆ. ಹಲ್ಲು ಕೀಳುವ ಮೊದಲು ವಸಡಿಗೆ ಕೊಡುತ್ತಾರಲ್ಲ, ಆ ಇಂಜೆಕ್ಷನ್ನನ್ನು ಯಾರೋ ಇಡೀ ಮೈಗೆ ಕೊಟ್ಟ ಹಾಗೆ. ಊಟ ಮಾಡುತ್ತೇನೆ, ಡ್ಯೂಟಿಗೆ ಹೋಗುತ್ತೇನೆ, ಕರುಗಳನ್ನು ಎಳೆದು ಹೊರಗೆ ಹಾಕುತ್ತೇನೆ. ಅಳು ಬಂದಿಲ್ಲ. ಗೆಳತಿ ಸತ್ತರೆ ಅಳದವಳು ಎಂಥ ಹೆಂಗಸು ಎಂದು ನಾನೇ ಕೇಳಿಕೊಳ್ಳುತ್ತೇನೆ.

ನಾನು ದನದ ಡಾಕ್ಟರು. ಈಗ ಸಾಗರದಲ್ಲಿದ್ದೇನೆ, ಆಗ ಹೊಸನಗರದಲ್ಲಿದ್ದೆ. ಅವಳು ಅಲ್ಲಿಯ ಹೈಸ್ಕೂಲಿನ ಡ್ರಾಯಿಂಗ್ ಟೀಚರು. ಹೆಸರು ಬರೆಯುವುದಿಲ್ಲ. ಗೊತ್ತಿದ್ದವರಿಗೆ ಎರಡು ಸಾಲು ಓದುವಷ್ಟರಲ್ಲಿ ಗೊತ್ತಾಗಿರುತ್ತದೆ, ಗೊತ್ತಿಲ್ಲದವರಿಗೆ ಹೆಸರು ಕಟ್ಟಿಕೊಂಡು ಏನಾಗಬೇಕು. ಊರಿನಲ್ಲಿ ಅವಳನ್ನು ಕಪ್ಪು ಚಿತ್ರದ ಟೀಚರ್ ಅನ್ನುತ್ತಿದ್ದರು. ಆ ಹೆಸರು ಅವಳಿಗೆ ಇಷ್ಟವಿತ್ತು.

ಮೊದಲ ಸಲ ಅವಳು ನಮ್ಮ ಆಸ್ಪತ್ರೆಗೆ ಬಂದದ್ದು ಸ್ಕೂಟಿಯ ಕಾಲಿಡುವ ಜಾಗದಲ್ಲಿ ಒಂದು ಗೋಣಿಚೀಲ ಇಟ್ಟುಕೊಂಡು. ಚೀಲ ಬಿಚ್ಚಿದರೆ ಪುನುಗುಬೆಕ್ಕು. ರಸ್ತೆಯಲ್ಲಿ ಯಾವುದೋ ಗಾಡಿಗೆ ಸಿಕ್ಕಿ ಸತ್ತಿತ್ತು. ಜೀವ ಇದ್ದದ್ದನ್ನು ತಂದರೆ ಏನಾದರೂ ಮಾಡಬಹುದು, ಸತ್ತದ್ದನ್ನು ತಂದರೆ ನಾನೇನು ಮಾಡಲಿ ಎಂದು ರೇಗಿದೆ.

“ನೀವು ಎಂಥದೂ ಮಾಡ್ಬೇಡಿ ಡಾಕ್ಟ್ರೇ. ಒಂದು ಟೇಬಲ್ ಕೊಡಿ, ಸಾಕು” ಅಂದಳು.

ಕಾಡುಪ್ರಾಣಿ, ಅದನ್ನು ಹಾಗೆಲ್ಲ ಎತ್ತಿಕೊಂಡು ಬರುವಂತಿಲ್ಲ. ನಾನು ಫಾರೆಸ್ಟಿನವರಿಗೆ ಫೋನ್ ಮಾಡಿದೆ. ಅವರು ಬಂದು ಮಹಜರು ಮಾಡುವವರೆಗೆ ಅವಳು ಆ ಬೆಕ್ಕಿನ ಸುತ್ತ ತಿರುಗುತ್ತಾ ಪೆನ್ಸಿಲಿನಲ್ಲಿ ಬರೆದಳು. ಪಾದದ ಅಡಿ, ಬಾಲದ ಬುಡ, ಕಿವಿಯ ಒಳಗಿನ ಕೂದಲು. ನಡುವೆ ಒಮ್ಮೆ ತಲೆಯೆತ್ತಿ, ಇದು ಕೊಂಬೆ ಮೇಲೆ ನಡೆಯುವಾಗ ಹಿಂಗಾಲು ಹೇಗೆ ಮಡಚುತ್ತದೆ ಎಂದು ಕೇಳಿದಳು. ನಾನು ಗ್ಲೌಸು ಹಾಕಿಕೊಂಡು ಕಾಲು ಮಡಚಿ ತೋರಿಸಿದೆ. ಹಾಗೇ ಹಿಡ್ಕೊಳ್ಳಿ ಅಂದಳು. ಹೊರಗೆ ಜ್ವರ ಬಂದ ಹಸು ಕಾಯುತ್ತಿತ್ತು, ನಾನು ಸತ್ತ ಬೆಕ್ಕಿನ ಕಾಲು ಹಿಡಿದುಕೊಂಡು ನಿಂತಿದ್ದೆ. ನಮ್ಮ ಪರಿಚಯ ಆದದ್ದು ಹೀಗೆ.

ಕೆಲವು ತಿಂಗಳುಗಳ ಮೇಲೆ ಒಂದು ಸಂಜೆ ಬಂದು ಅಂಗೈ ಅಗಲದ ಕಾಗದವೊಂದನ್ನು ಮೇಜಿನ ಮೇಲಿಟ್ಟಳು. ಕಡುಗಪ್ಪು. ಮಖಮಲ್ಲಿನ ಬಟ್ಟೆಯೇ ಇರಬೇಕು ಎಂದು ಬೆರಳು ಇಡಲು ಹೋದೆ, ಕೈಗೊಂದು ಏಟು ಹಾಕಿದಳು. ನೋಡುತ್ತಾ ಇದ್ದ ಹಾಗೆ ಆ ಕಪ್ಪಿನೊಳಗಿಂದ ಅದೇ ಪುನುಗುಬೆಕ್ಕು ಕೊಂಬೆಯ ಮೇಲೆ ನಡೆದು ಬಂತು. ಹಿಂಗಾಲು ಸರಿಯಾಗಿ ಮಡಚಿತ್ತು. ನನಗೆ ಕಲೆಗಿಲೆ ಗೊತ್ತಿಲ್ಲ. ಆದರೆ ಅದು ಉಸಿರಾಡುತ್ತಿತ್ತು, ಅಷ್ಟನ್ನು ಹೇಳಬಲ್ಲೆ, ಉಸಿರಾಟ ನೋಡುವುದು ನನ್ನ ಕಸುಬು.

ಆ ವಿದ್ಯೆಗೆ ಮೆಜೋಟಿಂಟ್ ಅನ್ನುತ್ತಾರೆ. ಅವಳು ಕಲಿತದ್ದು ಜಪಾನಿನಲ್ಲಿ. ಕಾಲೇಜು ಮುಗಿಸಿ ಸ್ಕಾಲರ್‌ಶಿಪ್ ಸಿಕ್ಕಿ ಎರಡು ವರ್ಷ ಅಲ್ಲಿದ್ದಳು. ಕೆಲಸ ಏನೆಂದರೆ, ಒಂದು ತಾಮ್ರದ ತಗಡು. ಅದರ ಮೇಲೆ ಅರ್ಧಚಂದ್ರದ ಹಾಗಿರುವ ಉಕ್ಕಿನ ಸಲಕರಣೆ; ಬಾಗಿದ ಅಂಚಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲು, ಮೇಲೆ ಮರದ ಹಿಡಿ. ಅದನ್ನು ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗುತ್ತಾ ತಗಡಿನ ತುಂಬ ನಡೆಸಬೇಕು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ, ಮತ್ತೆ ಉದ್ದಕ್ಕೆ. ವಾರಗಟ್ಟಲೆ. ಆಗ ತಗಡು ಪೂರ್ತಿ ತರಿತರಿಯಾಗುತ್ತದೆ. ಆ ತರಿಯಲ್ಲಿ ಮಸಿ ನಿಲ್ಲುತ್ತದೆ. ಅಚ್ಚು ತೆಗೆದರೆ ಬರೀ ಕಪ್ಪು. ಆಮೇಲೆ ಎಲ್ಲಿ ಬೆಳಕು ಬೇಕೋ ಅಲ್ಲಿ ತರಿಯನ್ನು ಕೆರೆದು, ಉಜ್ಜಿ, ನುಣುಪು ಮಾಡುತ್ತಾ ಹೋಗಬೇಕು. ಎಷ್ಟು ನುಣುಪೋ ಅಷ್ಟು ಬಿಳಿ. ತಗಡು ಸೂಕ್ಷ್ಮ, ಒಂದೊಂದು ಅಚ್ಚಿಗೂ ತರಿ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಹೆಚ್ಚು ಪ್ರತಿ ತೆಗೆಯಲು ಬರುವುದಿಲ್ಲ.

ಜಪಾನಿಗೆ ಹೋಗಿ ತಾಮ್ರ ಕೆರೆಯೋದು ಕಲಿತು ಬಂದ್ರಾ ಎಂದು ನಾನು ರೇಗಿಸಿದರೆ, ನೀವು ಐದು ವರ್ಷ ಓದಿ ಸಗಣಿ ಪರೀಕ್ಷೆ ಮಾಡೋದು ಕಲಿತಿಲ್ವಾ ಅನ್ನುತ್ತಿದ್ದಳು. ಮೃದುಭಾಷಿ.

ಅವಳ ಗುರು ಅಲ್ಲಿಯ ಒಂದು ಸಣ್ಣ ಊರಿನ ಮುದುಕರು. ಜೀವಮಾನವೆಲ್ಲ ಪ್ರಾಣಿಗಳನ್ನೇ ಮಾಡಿದವರಂತೆ: ಮೊಲ, ಕಾಗೆ, ಗೂಬೆ, ಮಲಗಿದ ಬೆಕ್ಕು. ಅಲ್ಲಿ ಇವತ್ತಿಗೂ ಹುಡುಗ ಹುಡುಗಿಯರು ಇದನ್ನು ಕಲಿಯುತ್ತಾರೆ, ಅದರಲ್ಲಿ ಅರ್ಧಕ್ಕರ್ಧ ಜನ ಪ್ರಾಣಿಗಳನ್ನೇ ಮಾಡುತ್ತಾರೆ ಎಂದು ಹೇಳುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, ಕತ್ತಲಲ್ಲಿ ಕೂತು ಏನೂ ಮಾತಾಡದೆ ಇರೋದು ಪ್ರಾಣಿಗೆ ಮಾತ್ರ ಬರುತ್ತೆ, ಮನುಷ್ಯರನ್ನ ಕೂರಿಸಿದ್ರೆ ಏನೋ ಹೇಳೋಕೆ ಶುರು ಮಾಡ್ತಾರೆ ಅಂದಳು. ಆ ಗುರುಗಳು ಮೊದಲ ಕೆಲವು ತಿಂಗಳು ಅವಳಿಗೆ ಚಿತ್ರ ಬರೆಯಲು ಬಿಡಲೇ ಇಲ್ಲ, ಬರೀ ತಗಡು ತೂಗಿಸಿದರು. ಸಂಜೆ ಬಂದು ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ತಮಾಷೆಗೆ ಇವಳು ಅವರಿಗೆ ಕನ್ನಡದ ಒಂದು ಪದ ಕಲಿಸಿದಳು: “ಇನ್ನೂ.” ಅಲ್ಲಿಂದ ಮುಂದೆ ಇವಳು ಊರಿಗೆ ಹೊರಡುವವರೆಗೂ ಅವರು ಅದನ್ನು ದಿನಾ ಸಂಜೆ ಇವಳಿಗೇ ಹೇಳಿದರು. ಈ ಕತೆ ಹೇಳುವಾಗ ಮಾತ್ರ ಅವಳು ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೊಸನಗರದಲ್ಲಿ ಅವಳ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅಚ್ಚಿನ ಯಂತ್ರವಿತ್ತು. ಎರಡು ಉರುಳೆ, ಪಕ್ಕಕ್ಕೆ ದೊಡ್ಡ ಚಕ್ರ. ಶಿವಮೊಗ್ಗದ ಲೇತಿನವರಿಂದ ಹೇಳಿ ಮಾಡಿಸಿದ್ದು. ನೋಡಿದವರೆಲ್ಲ ಅದನ್ನು ಕಬ್ಬಿನಹಾಲಿನ ಮಿಷನ್ ಅಂದುಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಒಬ್ಬರು ಗೇಟು ತೆಗೆದು ಒಳಗೆ ಬಂದು, ಶುಂಠಿ ಹಾಕಿ ಎರಡು ಗ್ಲಾಸು ಕೊಡಮ್ಮ ಅಂದರಂತೆ. ಅವಳು ನಿಂಬೆಶರಬತ್ತು ಮಾಡಿಕೊಟ್ಟು ಕಳಿಸಿದಳು. ಪಕ್ಕದ ಮನೆಯವರಿಗೆ ಬೇರೆಯೇ ದೂರು. ತಗಡು ತೂಗುವ ಕರಕರ ಸದ್ದು ಕೇಳಿ, ನಿಮ್ಮನೆ ಅಟ್ಟದಲ್ಲಿ ಹೆಗ್ಗಣ ಸೇರಿದೆ, ಬೋನು ಇಡಿ ಎಂದು ಬೋನು ತಂದುಕೊಟ್ಟಿದ್ದರು. ಆ ಬೋನಿಗೆ ನಿಜವಾಗಿಯೂ ಒಂದು ಹೆಗ್ಗಣ ಬಿತ್ತು. ಅದರ ಚಿತ್ರವನ್ನು ಮಾಡಲಿಲ್ಲ. ಅದು ಬದುಕಿತ್ತು.

ಹೌದು, ಬದುಕಿರುವ ಪ್ರಾಣಿಯನ್ನು ಅವಳು ಮಾಡುತ್ತಿರಲಿಲ್ಲ. ಒಂದೇ ಒಂದು ಸಲ ಪ್ರಯತ್ನ ಪಟ್ಟಿದ್ದಳು. ಹೊಳೆಬಾಗಿಲಿನಲ್ಲಿ ಇನ್ನೂ ಲಾಂಚಿನಲ್ಲೇ ಹಿನ್ನೀರು ದಾಟಬೇಕಾಗಿದ್ದ ಕಾಲ. ಆಚೆ ದಡದ ಊರುಗಳಲ್ಲಿ ದನಗಳಿಗೆ ಲಸಿಕೆ ಹಾಕುವ ಕ್ಯಾಂಪು, ನನ್ನ ಜೊತೆ ಅವಳೂ ಬಂದಿದ್ದಳು. ಲಾಂಚಿನಲ್ಲಿ ಯಾರದೋ ಆಡು. ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಗಡ್ಡ ಬರೆಯುತ್ತಿದ್ದರೆ, ಅದು ಕುತ್ತಿಗೆ ಚಾಚಿ ಕಾಗದವನ್ನೇ ಎಳೆದು ತಿನ್ನತೊಡಗಿತು. ಲಾಂಚಿನವರೆಲ್ಲ ನಕ್ಕರು. ನಾನೂ ನಕ್ಕೆ, ಮತ್ತೆ ಕಾಗದ ಆಡಿನ ಗಂಟಲಿಗೆ ಸಿಕ್ಕಿಕೊಂಡರೆ ಎಂದು ಹೆದರಿ ಅದರ ಬಾಯಿಗೆ ಕೈ ಹಾಕಿದೆ. ಇವುಗಳ ಸಹವಾಸ ಸಾಕು, ಸತ್ತವೇ ಮರ್ಯಾದಸ್ಥರು ಎಂದು ಅವಳು ಪೆನ್ಸಿಲ್ ಒಳಗಿಟ್ಟಳು.

ಆದ್ದರಿಂದ ರಸ್ತೆಯಲ್ಲಿ ಸತ್ತ ಪ್ರಾಣಿ ಬಂತೆಂದರೆ ನಾನು ಅವಳಿಗೆ ಫೋನ್ ಮಾಡುತ್ತಿದ್ದೆ. ಮುಂಗುಸಿ, ಮುಳ್ಳುಹಂದಿ, ಒಂದು ಸಲ ಚಿಪ್ಪುಹಂದಿ. ಫಾರೆಸ್ಟ್ ಗಾರ್ಡು ಬರುವವರೆಗೆ ಅವಳ ಸಮಯ. ಎಲ್ಲವೂ ಆಮೇಲೆ ಅವಳ ಕಪ್ಪಿನೊಳಗೆ ಎದ್ದು ನಡೆದಾಡಿದವು. ಕಣ್ಣನ್ನು ಮಾತ್ರ ಕೊನೆಯಲ್ಲಿ ಮಾಡುತ್ತಿದ್ದಳು. ಕಣ್ಣೆಂದರೆ ಏನು, ಸಾಸಿವೆಗಿಂತ ಸಣ್ಣ ಒಂದು ಚುಕ್ಕೆ ಬೆಳಕು. ಅದನ್ನು ಮೊದಲೇ ಮಾಡಿದರೆ ಆ ಪ್ರಾಣಿ ನನ್ನನ್ನೇ ನೋಡುತ್ತಾ ಇರುತ್ತದೆ, ಕೆಲಸ ಮಾಡಲು ಬಿಡುವುದಿಲ್ಲ ಎನ್ನುವುದು ಅವಳ ವಾದ.

ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾದದ್ದನ್ನು ಅವಳು ನನಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹೇಳಿದಳು. ಒಳಗೆ ನಾನು ಎತ್ತಿನ ಮೂಗುದಾರದ ಗಾಯ ತೊಳೆಯುತ್ತಿದ್ದೆ. ಎಲ್ಲಿಯವರೆಗೆ ಬಂದಿದೆ ಎಂದು ಕೇಳಿದೆ. ಲಿವರಿಗೂ ಬಂದಿದೆ ಅಂದಳು. ಎತ್ತಿನ ಯಜಮಾನರು ಪಾಪ, ನಮ್ಮಿಬ್ಬರನ್ನೂ ನೋಡಿ ತಮ್ಮ ಎತ್ತಿನ ವಿಚಾರವೇ ಮಾತಾಡುತ್ತಿದ್ದಾರೆಂದು ಹೆದರಿಬಿಟ್ಟರು.

ಮಣಿಪಾಲಕ್ಕೆ ಹೋಗಿ ಬರುವುದು ಶುರುವಾಯಿತು. ಶಾಲೆಗೆ ರಜೆ ಹಾಕಿ ಅವಳು ಅಮ್ಮನ ಮನೆಗೆ ಹೋದಳು. ಕವಲೇದುರ್ಗದ ಕೋಟೆಯ ಕೆಳಗಿನ ಹಳ್ಳಿ. ಗದ್ದೆ ಮಾಡಿಕೊಂಡಿರುವ ಗೌಡರ ಮನೆ. ಅಪ್ಪ ಇರಲಿಲ್ಲ. ಅಣ್ಣ ಅತ್ತಿಗೆ ಕೋಟೆ ನೋಡಲು ಬರುವವರಿಗೆ ಮಜ್ಜಿಗೆ, ಚುರುಮುರಿ ಮಾರುವ ಅಂಗಡಿ ಇಟ್ಟಿದ್ದರು. ಹಗಲಿಡೀ ಮನೆಯಲ್ಲಿ ಅವಳು, ಅಮ್ಮ, ಕೊಟ್ಟಿಗೆಯಲ್ಲಿ ಒಂದು ಎಮ್ಮೆ.

ಆ ಎಮ್ಮೆಯನ್ನು ಮಾಡುತ್ತೇನೆ ಎಂದು ಹಟ ಹಿಡಿದಳು. ನಾನು ಬೈದೆ. ಸುಮ್ಮನೆ ಮಲಗಬಾರದೇ, ಇದೆಲ್ಲ ಈಗ ಯಾಕೆ ಎಂದೆ. ಅವಳು ನಿಧಾನಕ್ಕೆ ಹೇಳಿದಳು: “ಸತ್ತಿದ್ದನ್ನೆಲ್ಲ ಬದುಕಿರೋ ಹಂಗೆ ಮಾಡಿದ್ದಾಯ್ತು ಡಾಕ್ಟ್ರೇ. ಬದುಕಿರೋದನ್ನ ಒಂದಾದ್ರೂ ಬದುಕಿರೋ ಹಂಗೇ ಮಾಡಿ ಹೋಗ್ಬೇಕು. ಈ ಎಮ್ಮೆ ಹಂದಾಡಲ್ಲ, ಕಾಗದ ತಿನ್ನಲ್ಲ.”

ಕತ್ತಲ ಕೊಟ್ಟಿಗೆಯಲ್ಲಿ ಕರಿ ಎಮ್ಮೆ. ಕಪ್ಪಿನ ಮೇಲೆ ಕಪ್ಪು. ಅದಕ್ಕಿಂತ ಕಷ್ಟದ್ದು ಆ ವಿದ್ಯೆಯಲ್ಲಿ ಇಲ್ಲವಂತೆ. ಬೆಳಕು ಇರುವುದು ಕೋಡಿನ ಬಾಗಿನಲ್ಲಿ ಒಂದು ಗೆರೆ, ಒದ್ದೆ ಮೂಗು, ಆ ಕಣ್ಣಿನ ಚುಕ್ಕೆ. ಮಿಕ್ಕ ಇಡೀ ಎಮ್ಮೆಯನ್ನು ಎರಡು ಬಗೆಯ ಕಪ್ಪಿನ ನಡುವೆ ತೋರಿಸಬೇಕು. ಜಗುಲಿಯಲ್ಲಿ ಕೂತು ತಗಡು ತೂಗುತ್ತಿದ್ದಳು. ಕಿಮೋ ಆದ ವಾರ ಕೈ ಎತ್ತಲು ಆಗುತ್ತಿರಲಿಲ್ಲ. ಮುಂದಿನ ವಾರ ಮತ್ತೆ ತೂಗುತ್ತಿದ್ದಳು. ನಾನು ಭಾನುವಾರಗಳಲ್ಲಿ ಹೋಗಿ ಎದುರು ಕೂರುತ್ತಿದ್ದೆ.

ಔಷಧದಿಂದ ಅವಳ ಬೆರಳ ತುದಿಗಳು ಮರಗಟ್ಟಿದವು. ಕಾದ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಮುಟ್ಟಿದರೆ ತರಿ ಎಲ್ಲಿದೆ, ನುಣುಪು ಎಲ್ಲಿ ಶುರುವಾಗಿದೆ ತಿಳಿಯದೆ ಕೆಲಸ ಹೇಗೆ ಸಾಗಬೇಕು. ಅದಕ್ಕೆ ಅವಳು ಒಂದು ಉಪಾಯ ಮಾಡಿಕೊಂಡಳು. ತಗಡನ್ನು ಎತ್ತಿ ಕೆನ್ನೆಗೆ ಹಗುರಾಗಿ ತಾಗಿಸಿ, ಕಣ್ಣು ಮುಚ್ಚಿ ನೋಡುವುದು. ಕೆನ್ನೆ ಇನ್ನೂ ಡ್ಯೂಟಿ ಮೇಲಿದೆ ಡಾಕ್ಟ್ರೇ ಅನ್ನುತ್ತಿದ್ದಳು. ಕೆರೆದ ಜಾಗ ಕಾಣಲೆಂದು ಸ್ವಲ್ಪ ಮಸಿ, ಎಣ್ಣೆ ಸವರಿರುತ್ತಿದ್ದಳು, ಕೆನ್ನೆಗೆಲ್ಲ ಕರಿ. ಆಕೆಯ ಅಮ್ಮ ಸೆರಗಿನಿಂದ ಒರೆಸಲು ಬಂದರೆ ತಲೆ ಹಿಂದಕ್ಕೆ ತೆಗೆಯುತ್ತಿದ್ದಳು.

ಅಮ್ಮ ಮಾತು ಕಡಿಮೆಯ ಹೆಂಗಸು. ಮಣಿಪಾಲದ ಡಾಕ್ಟರು ಹೇಳಿದ ಒಂದೇ ಮಾತನ್ನು ಮಂತ್ರದ ಹಾಗೆ ಹಿಡಿದುಕೊಂಡಿದ್ದರು: ಇವರಿಗೆ ಈಗ ರೋಗ ತಡೆಯುವ ಶಕ್ತಿ ಇಲ್ಲ, ಸುತ್ತಮುತ್ತ ಎಲ್ಲ ಶುಚಿಯಾಗಿರಬೇಕು. ಹಾಸಿಗೆ ಬಟ್ಟೆ ದಿನಾ ಕುದಿಸುತ್ತಿದ್ದರು. ನಾನು ಹೋದರೆ ಮೊದಲು ಕೈಕಾಲಿಗೆ ನೀರು, ಆಮೇಲೆ ಮಾತು. ಊರವರ ಕೊಟ್ಟಿಗೆ ಸುತ್ತುವವಳೆಂದು ಜಗುಲಿಯ ಆ ತುದಿಯಲ್ಲಿ ಕೂರಿಸುತ್ತಿದ್ದರು.

ಮಾಘ ಕಳೆಯುವ ಹೊತ್ತಿಗೆ ಅವಳು ಫೋನ್ ಮಾಡಿದಳು. ತಗಡು ಮುಗಿದಿದೆ, ನಿನ್ನೆ ಕಣ್ಣು ಮಾಡಿದೆ, ನಿಂತು ಅಚ್ಚು ತೆಗೆಯುವಷ್ಟು ಶಕ್ತಿ ಇವತ್ತಿಗೆ ಇದೆ, ನಾಳೆಗೆ ಹೇಳಲಾರೆ, ಕಾರು ತನ್ನಿ ಅಂದಳು. “ಒಂದೇ ಒಂದು ಪ್ರಿಂಟ್ ಕಣ್ಣಿಂದ ನೋಡಿದ್ರೆ ಸಾಕು. ಆಮೇಲೆ ನೀವು ಮಲಗು ಅಂದ್ರೂ ಮಲಗ್ತೀನಿ.”

ಹೋದೆ. ಮರುದಿನ ಶಿವರಾತ್ರಿ. ಬಾವಿಕಟ್ಟೆಯ ಹತ್ತಿರ ಅಮ್ಮ ದೇವರ ತಾಮ್ರದ ಸಾಮಾನು ತೊಳೆದು ಕವುಚಿದ್ದರು. ಹುಣಸೆಹುಳಿ, ಉಪ್ಪು, ಒಲೆಯ ಬೂದಿ, ತೆಂಗಿನ ನಾರು. ಕಲಶ, ಚೊಂಬು, ಹರಿವಾಣ, ಉದ್ಧರಣೆ, ಎಲ್ಲ ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು. ಹರಿವಾಣಕ್ಕೆ ಒರಗಿಸಿ ಅವಳ ತಗಡು ಇಟ್ಟಿದ್ದರು. ಅದೂ ಹೊಳೆಯುತ್ತಿತ್ತು.

ಅವಳು ಒಳಗೆ ಮಲಗಿದ್ದಳು. ಅಮ್ಮ ನನ್ನನ್ನು ನೋಡಿ ಅಪರೂಪಕ್ಕೆ ನಕ್ಕರು. “ಎಷ್ಟು ಮಸಿ ಕಟ್ಟಿತ್ತು ಮಾರಾಯ್ತಿ. ಮುಖಕ್ಕೆ ಇಟ್ಕೊಳ್ತಾಳೆ, ಕಿಲುಬು ತಾಗಿದ್ರೆ ಎಂಥ ಗತಿ. ನಿದ್ದೆ ಹತ್ತಿದ್ದೇ ತಂದು ತಿಕ್ಕಿ ಹಾಕ್ದೆ” ಅಂದರು.

ನಾನು ತಗಡನ್ನು ಎತ್ತಿ ನೋಡಿದೆ. ಬೆರಳ ಹಿಂಭಾಗದಿಂದ ಸವರಿದೆ. ತರಿಯೆಲ್ಲ ಸವೆದು ಅಡಿಗೆಮನೆಯ ತಟ್ಟೆಯ ಹಾಗಿತ್ತು. ಓರೆ ಮಾಡಿ ಹಿಡಿದರೆ ಎಮ್ಮೆಯ ನೆರಳು ಇನ್ನೂ ಒಂದಿಷ್ಟು ಇತ್ತು, ಅದರ ಮೇಲೆಲ್ಲ ನಾರು ಸುತ್ತಿದ ಉಂಗುರ ಉಂಗುರದ ಗೀರು. ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಅವಳು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

ನೋಡಿದಳು. ಬಾವಿಕಟ್ಟೆ, ತಾಮ್ರದ ಸಾಲು, ನನ್ನ ಕೈಯಲ್ಲಿದ್ದದ್ದು, ಕೊನೆಗೆ ಅಮ್ಮನ ಮುಖ. ಬಾಗಿಲ ಚೌಕಟ್ಟಿಗೆ ಕೈ ಊರಿದಳು. ಅಮ್ಮ ಬೂದಿ ಕೈಯಲ್ಲೇ ನಿಂತಿದ್ದರು.

“ಚೆನ್ನಾಗಾಗಿದೆ ಅಮ್ಮ” ಅಂದಳು. “ನಂಗೆ ಇಷ್ಟು ಕೈಯಲ್ಲಿ ಆಗ್ತಿರ್ಲಿಲ್ಲ.”

ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊಸನಗರಕ್ಕೆ ಹೊರಟೆ. ತಗಡು ಅವಳ ತೊಡೆಯ ಮೇಲೆ ಪತ್ರಿಕೆಯಲ್ಲಿ ಸುತ್ತಿತ್ತು. ಮತ್ತೆ ತೂಗಬಹುದಾ ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ. ತೂಗಬಹುದು, ಕೈ ನೀವು ಕೊಡ್ತೀರಾ ಅಂದಳು. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಹೇಳಿದಳು: “ಅಮ್ಮನಿಗೆ ಇದು ಗೊತ್ತಾಗ್ಬಾರ್ದು ಡಾಕ್ಟ್ರೇ. ನಾನು ಹೋದ ಮೇಲೂ. ಅವ್ಳು ಒಬ್ಳೇ ಕೂತು ಇದನ್ನೇ ನೆನೆಸ್ಕೊಳ್ತಾಳೆ. ನನ್ನಾಣೆ ನಿಮಗೆ.” ಆಗಲಿ ಅಂದೆ.

ನಾನು ದನದ ಮಾಲೀಕರಿಗೆ ಎಂದೂ ಸುಳ್ಳು ಹೇಳಿದವಳಲ್ಲ. ಉಳಿಯಲ್ಲ ಅಂದರೆ ಉಳಿಯಲ್ಲ ಅಂತಲೇ ಹೇಳುತ್ತೇನೆ, ಅದಕ್ಕೆ ಒರಟು ಡಾಕ್ಟ್ರಮ್ಮ ಅನ್ನಿಸಿಕೊಂಡಿದ್ದೇನೆ. ಆ ಒಂದು ಆಣೆ ನನಗೆ ಹೊರೆಯಾಯಿತು ಎಂದು ನೇರವಾಗಿಯೇ ಹೇಳುತ್ತೇನೆ.

ಬಾಡಿಗೆ ಮನೆಯಲ್ಲಿ ಧೂಳು ಕೂತಿತ್ತು. ಅವಳು ಕುರ್ಚಿಯಲ್ಲಿ ಕೂತು ಹೇಳಿದ ಹಾಗೆ ನಾನು ಮಾಡಿದೆ. ಕಾಗದ ನೆನೆಸಿದೆ. ತಗಡು ಬೆಚ್ಚಗೆ ಮಾಡಿ ಮಸಿ ಹಚ್ಚಿದೆ. ಹೆಚ್ಚಾದ ಮಸಿ ಒರೆಸುವ ಕೆಲಸವನ್ನು ಅವಳೇ ಮಾಡಿದಳು, ಅಂಗೈಯಿಂದ, ಎಮ್ಮೆಯ ಮೈ ಸವರುವ ಹಾಗೆ. ಚಕ್ರ ನಾನು ತಿರುಗಿಸಿದೆ. ಮೇಲೆ ಹೊದಿಸಿದ್ದ ಕಂಬಳಿ ಸರಿಸಿ ಕಾಗದದ ಮೂಲೆ ಹಿಡಿದು ಅವಳು ನಿಧಾನಕ್ಕೆ ಎತ್ತಿದಳು.

ಕಪ್ಪು ಎಲ್ಲೂ ಇರಲಿಲ್ಲ. ಬೂದು ಬಣ್ಣದಲ್ಲಿ ಎಮ್ಮೆ ನಿಂತಿತ್ತು, ಬೆಳಗಿನ ಮಂಜಿನಲ್ಲಿ ದೂರದಿಂದ ಕಂಡಂತೆ. ಮೈಮೇಲೆಲ್ಲ ಅಮ್ಮನ ನಾರಿನ ಗೀರುಗಳು ಸುತ್ತು ಸುತ್ತಾಗಿ ಬಂದಿದ್ದವು. ಕಣ್ಣಿನ ಚುಕ್ಕೆ ಯಾವುದೆಂದು ಹುಡುಕಬೇಕಾಯಿತು. ಸುತ್ತ ಎಲ್ಲವೂ ಬೆಳ್ಳಗಾದ ಮೇಲೆ ಅದೊಂದು ಹೇಗೆ ಕಾಣಬೇಕು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಮೇಜಿನ ಮೇಲಿಟ್ಟು ನೋಡಿದಳು.

“ಕೊಟ್ಟಿಗೆಗೆ ಬೆಳಗಾಗಿಬಿಡ್ತಲ್ಲ ಡಾಕ್ಟ್ರೇ” ಅಂದಳು.

ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಾಯಿಲೆಗೆ ಅತ್ತಿರಲಿಲ್ಲ. ಮಸಿಗೈ ಮುಖಕ್ಕೆ ತಾಗದ ಹಾಗೆ ಎರಡೂ ಕೈಯನ್ನು ದೂರ ಚಾಚಿಕೊಂಡು ಅತ್ತಳು. ನಾನು ಚಕ್ರ ಹಿಡಿದುಕೊಂಡು ನಿಂತಿದ್ದೆ. ಹೋಗಿ ಬೆನ್ನು ಸವರಬೇಕಿತ್ತು. ಅತ್ತು ಮುಗಿಸಿ ಇನ್ನೊಂದು ಪ್ರತಿ ತೆಗೆಯೋಣ ಅಂದಳು. ಒಂದನ್ನು ನನಗೆ ಕೊಟ್ಟಳು. ಒಂದನ್ನು ತಗಡಿನ ಜೊತೆ ಅಮ್ಮನಿಗೆ ಒಯ್ದಳು. ಅಮ್ಮ ಅದಕ್ಕೆ ಗಾಜು ಹಾಕಿಸಿ ಜಗುಲಿಯಲ್ಲಿ ತೂಗುಹಾಕಿದರು.

ಅವಳು ಹೋದದ್ದು ವೈಶಾಖದಲ್ಲಿ. ಕೊನೆಯ ವಾರಗಳಲ್ಲಿ ತಾಯಿ ಮಗಳು ಇಬ್ಬರೂ ಆ ಚಿತ್ರದ ಕೆಳಗೇ ಹಾಸಿಗೆ ಹಾಕಿಕೊಂಡಿದ್ದರು. ನೋಡಲು ಬಂದವರು, ಇದೊಂದು ಚಿತ್ರ ಬೆಳ್ಳಗೆ ಚೆಂದ ಬಂದಿದೆ ಅನ್ನುತ್ತಿದ್ದರು. ಅವಳು ಅಮ್ಮನ ಕಡೆ ತಿರುಗಿ, ಅದು ಅಮ್ಮನ ಕೈಗುಣ ಅನ್ನುತ್ತಿದ್ದಳು. ಅಮ್ಮ ತಲೆ ತಗ್ಗಿಸಿ ಗಂಜಿ ಆರಿಸುತ್ತಿದ್ದರು.

ಮಳೆಗಾಲದಲ್ಲಿ ನನಗೆ ಸಾಗರಕ್ಕೆ ವರ್ಗವಾಯಿತು. ದೀಪಾವಳಿ ಕಳೆದ ಮೇಲೆ ಒಂದು ದಿನ ಅಮ್ಮನ ಫೋನ್: ಎಮ್ಮೆ ಮೇವು ಬಿಟ್ಟಿದೆ, ಬರ್ತೀರಾ. ನಿಮ್ಮ ಕಡೆಯ ಡಾಕ್ಟರು ಇಲ್ಲವೇ ಎಂದು ಕೇಳಿದೆ. ಇದ್ದಾರೆ, ಆದರೂ ನೀವೇ ಬನ್ನಿ ಅಂದರು.

ಅಣ್ಣ ಅತ್ತಿಗೆ ಅಂಗಡಿಯಲ್ಲಿದ್ದರು. ಅಮ್ಮ ಒಳಗೆ ಕರೆದು ಕಾಫಿ ಕೊಟ್ಟರು. ನಡುಮನೆಯ ದೇವರ ಗೂಡು ಕೂತಲ್ಲಿಂದ ಕಾಣುತ್ತಿತ್ತು. ಹಬ್ಬಕ್ಕೆ ತಿಕ್ಕಿದ ಕಲಶ, ಚೊಂಬು ಎಲ್ಲ ಫಳಫಳ. ಅವುಗಳ ಹಿಂದೆ ಗೋಡೆಗೆ ಒರಗಿಸಿ ಆ ತಗಡು. ಅದೊಂದು ಮಾತ್ರ ಕಂದಿ, ಅಂಚಿಗೆ ಹಸಿರು ಕಿಲುಬು ಹಿಡಿದು ಕೂತಿತ್ತು. ಒಂದು ಚಮಚಕ್ಕೂ ಕಲೆ ಬಿಡದ ಹೆಂಗಸು ಅದನ್ನು ಮುಟ್ಟಿಯೇ ಇರಲಿಲ್ಲ.

ಕೊಟ್ಟಿಗೆಗೆ ಹೋದರೆ ಎಮ್ಮೆ ಗೊಂತಿನ ತುಂಬ ಹುಲ್ಲು ಹರವಿಕೊಂಡು ತಿನ್ನುತ್ತಿತ್ತು. ಇದಕ್ಕೇನಾಗಿದೆ ಧಾಡಿ ಎಂದೆ. ಅಮ್ಮ ಇನ್ನೊಂದು ಹಿಡಿ ಹುಲ್ಲು ತಂದು ಅದರ ಮುಂದೆ ಹಾಕಿದರು. ಇಷ್ಟು ದೂರ ಬಂದದ್ದಕ್ಕೆ ಗಬ್ಬ ನಿಂತಿದೆಯಾ ನೋಡೋಣ ಎಂದು ಕೈ ಹಾಕಿ ಪರೀಕ್ಷೆ ಮಾಡಿದೆ. ನಿಂತಿರಲಿಲ್ಲ. ಹೊರಗೆ ಬಂದು ತೋಳಿನವರೆಗೆ ಸೋಪು ಹಚ್ಚಿಕೊಂಡೆ. ಅಮ್ಮ ಬಿಸಿನೀರು ತಂದು ಹೊಯ್ಯತೊಡಗಿದರು.

“ಒಂದು ಕೇಳ್ತೀನಿ ಡಾಕ್ಟ್ರಮ್ಮ, ನಿಜ ಹೇಳಿ” ಅಂದರು. “ನಾನು ಹಾಳ್ಮಾಡಿದ್ದು ಅವಳಿಗೆ ಕಡೇವರೆಗೂ ಬೇಜಾರಿತ್ತಾ?”

ಏನು ಹಾಳು, ಏನೂ ಹಾಳಾಗಿರಲಿಲ್ಲ ಎಂದೆ. ಆಣೆ ಹಾಕಿದ್ದಾಳಲ್ಲ. ಅವಳಿಗೆ ಹಾಗೇ ಬೇಕಿತ್ತು ಎಂದೂ ಸೇರಿಸಿದೆ.

ಅಮ್ಮ ಚೊಂಬಿನ ಧಾರೆ ನಿಲ್ಲಿಸಲಿಲ್ಲ. “ನಿಮಗೆ ಸುಳ್ಳು ಹೇಳಕ್ಕೆ ಬರಲ್ಲ, ಬಿಡಿ. ಅವತ್ತು ಬಾಗ್ಲಲ್ಲಿ ನಿಂತು ನೋಡಿದ್ಲಲ್ಲ, ಆಗ್ಲೇ ಗೊತ್ತಾಯ್ತು ನಂಗೆ, ಎಂಥದೋ ಮಾಡಬಾರದ್ದು ಮಾಡಿದೀನಿ ಅಂತ. ಹೆತ್ತವಳಿಗೆ ಅಷ್ಟೂ ಗೊತ್ತಾಗಲ್ವಾ. ಆದ್ರೆ ಚೆನ್ನಾಗಾಗಿದೆ ಅಂದ್ಲು. ನನ್ನ ಉಳಿಸ್ಬೇಕು ಅಂತಾನೇ ಅಂದ್ಲು. ನಂಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾದ್ರೆ, ಪಾಪ, ಆ ಸಂಕಟಾನೂ ಹೊತ್ಕೊಂಡು ಹೋಗ್ಬೇಕಿತ್ತು. ಅದಕ್ಕೇ ಸುಮ್ನಿದ್ದೆ. ದಿನಾ ಅವಳು ಹೊಗಳಿದ್ದನ್ನ ಕೇಳ್ಕೊಂಡು ಸುಮ್ನಿದ್ದೆ.”

ಕೈಯ ಸೋಪು ಆಗಲೇ ಹೋಗಿತ್ತು. ಆದರೂ ಎರಡೂ ಕೈ ಚಾಚಿಕೊಂಡೇ ನಿಂತಿದ್ದೆ. ಅಮ್ಮ ನೀರು ಹೊಯ್ಯುತ್ತಲೇ ಇದ್ದರು.